ಆರನೇ ಅಂತಸ್ತಿನ ಬಿಸಿಗಾಳಿ

ಜನವರಿ 11

ಕೊಕ್ಕರೆಗೆ,

ಸಂಜೆ ಆರೂವರೆ. ಇವತ್ತು ನಲವತ್ತೆರಡು ಶಾಲಾ ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹಾಕಿದೆ, ಒಂದೊಂದಕ್ಕೆ ಏಳು. ಮಧ್ಯಾಹ್ನ ದಾರ ಎರಡು ಸಲ ತುಂಡಾಯಿತು. ಈಗ ಹೊಲಿಗೆ ಅಂಗಡಿಯಲ್ಲಿ ನಾನೊಬ್ಬಳೇ. ಕಟಿಂಗ್ ಮಾಸ್ಟರು ಬೀಗದ ಕೈ ಕೊಟ್ಟು ಹೋಗಿದ್ದಾರೆ, ಯಾಕೆಂದರೆ ಈ ಪತ್ರ ಬರೆಯಲು ನನಗೆ ಅವರ ದೊಡ್ಡ ಮೇಜು ಬೇಕು.

ನನ್ನ ಮಗಳು ನಿನ್ನನ್ನು ಕೊಕ್ಕರೆ ಎನ್ನುತ್ತಿದ್ದಳು, ಉದ್ದ ಕಾಲು ಎಂದು. ನಾನೂ ಹಾಗೆಯೇ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಅವಳನ್ನು ನಾನು ಬುಗುರಿ ಎನ್ನುತ್ತಿದ್ದುದು ನಿನಗೂ ಗೊತ್ತಿರಬೇಕು. ಒಂದು ಕಡೆ ನಿಂತವಳಲ್ಲ.

ಹೋದ ಮೇ ತಿಂಗಳಲ್ಲಿ ನಿನಗೆ ಮೂರು ಸಾಲು ಬರೆದಿದ್ದೆ. ಜ್ವರದ ಹುಡುಗಿಯನ್ನು ಗುರುತಿಲ್ಲದ ಊರಿನ ಆಸ್ಪತ್ರೆಯಲ್ಲಿ ಬಿಟ್ಟು ಹಡಗು ಹತ್ತಲು ನಿನಗೆ ಕಾಲು ಹೇಗೆ ಬಂತು ಎಂದು ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ.

ನಿಮ್ಮ ಹಡಗಿನ ಕಂಪನಿಯಿಂದ ಒಂದು ಲಕೋಟೆ ಬಂದಿದೆ. ಬುಗುರಿಯ ಆರು ವರ್ಷದ ಸೇವೆಯನ್ನು ನೆನೆದು ಮನೆಯ ಒಬ್ಬರಿಗೆ ಒಂದು ವಾರದ ಪ್ರಯಾಣವಂತೆ. ಬಾಲ್ಕನಿ ಇರುವ ಕೋಣೆ. ಯಾವುದು ಬೇಕೋ ನೀವೇ ಆರಿಸಿ ಎಂದು ಹಡಗಿನ ನಕ್ಷೆಯನ್ನೂ ಇಟ್ಟಿದ್ದಾರೆ. ಬಿಡಿಸಿದರೆ ನನ್ನ ಮನೆಯ ಮೇಜಿಗೆ ಹಿಡಿಸಲಿಲ್ಲ. ಇಲ್ಲಿ ತಂದು ಹಾಸಿದೆ. ಮಾಸ್ಟರು ಕನ್ನಡಕ ಏರಿಸಿ ನೋಡಿದರು.

"ಇದೇನು ಹಡಗಾ, ಜೇನುಗೂಡಾ?"

"ಇದರಲ್ಲಿ ಒಂದು ಆರಿಸ್ಬೇಕಂತೆ."

"ಒಂದು ಶರ್ಟಿನ ಬಣ್ಣ ಆರ್ಸೋಕೆ ಗಿರಾಕಿ ಒಂದು ಗಂಟೆ ತಗೋತಾನೆ. ನಿಮಗೆ ಆರು ತಿಂಗಳು ಬೇಕು ಬಿಡಿ."

ನನಗೆ ಅಷ್ಟು ಬೇಡ. ನನಗೆ ಬೇಕಾದ ಕೋಣೆ ಒಂದೇ. ಬುಗುರಿ ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ಫೋನಿನಲ್ಲಿ ನಾನು ಹೂಂ ಹೂಂ ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ ಎಂದು ಅವಳ ದೂರು. ಪ್ರತಿ ಪತ್ರದಲ್ಲೂ ತಾನು ಒರೆಸುವ ಕೋಣೆಗಳ ಬಾಲ್ಕನಿಯಿಂದ ಸಮುದ್ರ ಹೇಗೆ ಕಂಡಿತು ಎಂದು ಒಂದೆರಡು ಸಾಲು ಇರುತ್ತಿತ್ತು. "ಅಮ್ಮ, ಇವತ್ತು ಸಮುದ್ರ ಇಸ್ತ್ರಿ ಮಾಡಿ ಹಾಸಿದ ಹಾಗಿದೆ, ಒಂದು ಸುಕ್ಕಿಲ್ಲ." "ಇವತ್ತು ಯಾರೋ ನೀಲಿ ಜಾಸ್ತಿ ಹಾಕಿಬಿಟ್ಟಿದ್ದಾರೆ." ಒಂದು ಬಾಲ್ಕನಿಯಲ್ಲಿ ಎರಡು ಕುರ್ಚಿ ಇವೆ, ಒಂದಿನ ನಿನ್ನನ್ನು ಅಲ್ಲಿ ಕೂರಿಸುತ್ತೇನೆ ಎಂದೂ ಬರೆದಿದ್ದಳು. ಕೋಣೆಯ ನಂಬರು ಮಾತ್ರ ಬರೆದಿಲ್ಲ. ನೂರಾರು ಪತ್ರ ಮತ್ತೆ ಓದಿದೆ, ಎಲ್ಲೂ ಇಲ್ಲ.

ನೀನು ಅವಳ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು, ಒಂದೇ ಕೆಲಸ ಮಾಡಿದವಳು. ಅದು ಯಾವ ಕೋಣೆ ಎಂದು ತಿಳಿಸು. ಅಲ್ಲಿ ಕೂತು ಅವಳು ನೋಡಿದ್ದನ್ನು ನೋಡಬೇಕು. ಇಷ್ಟೇ.

ಬುಗುರಿಯ ಅಮ್ಮ

---

ಫೆಬ್ರವರಿ 20

ಅಮ್ಮನಿಗೆ ನಮಸ್ಕಾರ,

ನಿಮ್ಮ ಪತ್ರ ಮೂರು ಬಂದರು ಸುತ್ತಿ ಮೊನ್ನೆ ನನ್ನ ಕೈಗೆ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ ಒಂದು ದಿನ ಒಡೆಯಲಿಲ್ಲ. ಮೇ ತಿಂಗಳಿನದು ಇನ್ನೂ ನನ್ನ ದಿಂಬಿನ ಕೆಳಗಿದೆ.

ನೀವು ಬರುವುದು ಒಳ್ಳೆಯದು. ಆದರೆ ಕೋಣೆ ಆರಿಸುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ನಕ್ಷೆಯಲ್ಲಿ ಎಲ್ಲ ಚೌಕಗಳೂ ಒಂದೇ ಥರ ಕಾಣುತ್ತವೆ. ಎಂಟು ವರ್ಷ ಒರೆಸಿದವಳು ಹೇಳುತ್ತಿದ್ದೇನೆ, ಕೇಳಿ.

ಹಡಗಿನ ಮೂತಿಯ ಕಡೆ ಬೇಡ. ಅಲೆ ಬಂದರೆ ತೊಟ್ಟಿಲಿಗೆ ಹಾಕಿ ತೂಗಿದ ಹಾಗೆ. ಗಾಳಿಗೆ ಬಾಲ್ಕನಿಯ ಬಾಗಿಲು ತೆರೆಯಲೂ ಆಗುವುದಿಲ್ಲ. ಮೇಲಕ್ಕೆ ಹೋದಷ್ಟೂ ಅಲ್ಲಾಟ ಜಾಸ್ತಿ, ಜನ ಇದಕ್ಕೆ ತಿರುಗಾಮುರುಗಾ ಅಂದುಕೊಂಡು ಮೇಲಿನದೇ ಬೇಕು ಅನ್ನುತ್ತಾರೆ. ಈಜುಕೊಳದ ಅಡಿಯ ಕೋಣೆ ಬೇಡ. ಬೆಳಿಗ್ಗೆ ಐದೂವರೆಗೆ ಕುರ್ಚಿ ಎಳೆಯಲು ಶುರು ಮಾಡುತ್ತಾರೆ. ಲಿಫ್ಟಿನ ಪಕ್ಕ ಬೇಡ. ಎರಡು ಕೋಣೆಗಳ ನಡುವೆ ಬಾಗಿಲು ಇರುವಂಥದ್ದು ಬೇಡವೇ ಬೇಡ, ಪಕ್ಕದವರು ಜಗಳವಾಡಿದರೆ ನೀವು ಪಂಚಾಯಿತಿಗೆ ಕೂತ ಹಾಗಾಗುತ್ತದೆ. ಐದನೆಯ ಅಂತಸ್ತಿನಲ್ಲಿ ಕೆಲವು ಬಾಲ್ಕನಿಗಳ ಎದುರಿಗೇ ಜೀವರಕ್ಷಕ ದೋಣಿ ತೂಗುಹಾಕಿದ್ದಾರೆ. ವಾರವಿಡೀ ದೋಣಿಯ ಹೊಟ್ಟೆ ನೋಡಿಕೊಂಡು ಕೂರಬೇಕು.

ಮತ್ತೆ ಆರನೇ ಅಂತಸ್ತು, ಹಿಂಭಾಗ, ಬಲಗಡೆ, 6318. ಅದನ್ನು ಯಾರು ಹೇಳಿದರೂ ತೆಗೆದುಕೊಳ್ಳಬೇಡಿ. ಕೆಳಗಿನ ಲಾಂಡ್ರಿಯ ಬಿಸಿಗಾಳಿ ಹೊರಗೆ ಬರುವ ಕಿಂಡಿ ಸರಿಯಾಗಿ ಅದರ ಅಡಿಗೇ ಇದೆ. ಬಾಲ್ಕನಿಯಲ್ಲಿ ಕೂತರೆ ಸೋಪಿನ ಹಬೆ, ಕಾದ ಬಟ್ಟೆಯ ವಾಸನೆ. ಕಳೆದ ಪ್ರಯಾಣದಲ್ಲಿ ಒಬ್ಬ ಮುದುಕರು ನನಗೆ ಹೇಳಿದರು: "ಏನಮ್ಮಾ, ನಾನು ಸಮುದ್ರ ನೋಡೋಕೆ ಬಂದಿದ್ದೀನೋ, ಪ್ಯಾಂಟು ಒಗ್ಯೋಕೆ ಹಾಕಿದ್ದೀನೋ?" ಎರಡೇ ದಿನಕ್ಕೆ ಕೋಣೆ ಬದಲಿಸಿಕೊಂಡರು.

ನಡುಭಾಗ, ಏಳು ಅಥವಾ ಎಂಟನೇ ಅಂತಸ್ತು, ಎಡಗಡೆ. ಹೋಗುವಾಗ ದಡ ಆ ಕಡೆಗಿರುತ್ತದೆ, ಸಂಜೆ ದೀಪಗಳು ಕಾಣುತ್ತವೆ. ಅದರಲ್ಲಿ ಯಾವುದಾದರೂ ತೆಗೆದುಕೊಳ್ಳಿ. ಸ್ವೆಟರ್ ತನ್ನಿ, ಸಂಜೆಗೆ ಚಳಿ.

ಕೊಕ್ಕರೆ

---

ಮಾರ್ಚ್ 14

ಕೊಕ್ಕರೆಗೆ,

ಸಂಜೆ ಏಳು. ಇವತ್ತು ರಜೆ, ಮನೆಯಲ್ಲೇ ಇದ್ದೆ. ಕಿಟಕಿಯ ಪರದೆ ಒಗೆದು ಹಾಕಿದೆ. ಬೇರೇನೂ ಮಾಡಲಿಲ್ಲ.

ನಿನ್ನ ಪತ್ರ ನಾಲ್ಕು ಸಲ ಓದಿದೆ. ಯಾವುದು ಬೇಡ ಎಂದು ಹೇಳಿದೆ, ಯಾವುದು ಒಳ್ಳೆಯದು ಎಂದೂ ಹೇಳಿದೆ. ನಾನು ಕೇಳಿದ್ದು ಅವಳದು ಯಾವುದು ಎಂದು.

ಅಲ್ಲಾಡಿದರೆ ಅಲ್ಲಾಡಲಿ, ಗದ್ದಲವಾದರೆ ಆಗಲಿ. ನನ್ನ ಮನೆಯಲ್ಲಿ ಈಗ ಅಷ್ಟು ಸದ್ದು ಇಲ್ಲ, ಬೇಕಿದ್ದರೆ ಬಂದು ನೋಡು.

ನಂಬರು ಬರೆ.

ಬುಗುರಿಯ ಅಮ್ಮ

---

ಏಪ್ರಿಲ್ 6

ಅಮ್ಮನಿಗೆ ನಮಸ್ಕಾರ,

8142.

ಎಂಟನೇ ಅಂತಸ್ತು, ನಡುಭಾಗ, ಎಡಗಡೆ. ಬಾಲ್ಕನಿಯಲ್ಲಿ ಎರಡು ಕುರ್ಚಿ, ಒಂದು ಚಿಕ್ಕ ಮೇಜು. ಕಂಬಿಯ ಎಡ ಮೂಲೆಯಲ್ಲಿ ಬಣ್ಣ ಸ್ವಲ್ಪ ಎದ್ದಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರವರೆಗೆ ಅದನ್ನು ಒರೆಸುವ ಸಮಯ. ಆ ಹೊತ್ತಿಗೆ ಬಿಸಿಲು ಅಲ್ಲಿಗೆ ಇನ್ನೂ ಬಂದಿರುವುದಿಲ್ಲ, ಅದಕ್ಕೇ ನೀರಿನ ಬಣ್ಣ ಸರಿಯಾಗಿ ಕಾಣುತ್ತದೆ.

ಅದನ್ನೇ ಬರೆದು ಕಳಿಸಿ. ತಡಮಾಡಿದರೆ ಬೇರೆಯವರು ತೆಗೆದುಕೊಂಡುಬಿಡುತ್ತಾರೆ.

ಕೊಕ್ಕರೆ

---

ಮೇ 3

ಕೊಕ್ಕರೆಗೆ,

ಸಂಜೆ ಆರು. ಇವತ್ತು ಮೂವತ್ತು ಶರ್ಟೂ ಆಗಲಿಲ್ಲ. ಕಾರಣ ಬರೆಯುತ್ತೇನೆ.

ನೀನು ಹೇಳಿದ 8142ರ ಮೇಲೆ ಮಾಸ್ಟರ ಸೀಮೆಸುಣ್ಣದಿಂದ ಗುರುತು ಹಾಕಿದ್ದೆ. ಕಂಪನಿಗೆ ಕಳಿಸುವ ಕಾಗದವನ್ನೂ ತುಂಬಿಸಿಟ್ಟೆ. ಆಮೇಲೆ ಸ್ವೆಟರಿನ ನೆನಪಾಯಿತು. ನನ್ನ ಹತ್ತಿರ ಒಳ್ಳೆಯದು ಇಲ್ಲ. ಬುಗುರಿಗೆ ನಾನೇ ಹೆಣೆದು ಕೊಟ್ಟದ್ದು ಅವಳ ಚೀಲದಲ್ಲಿ ಇರಬೇಕು ಎಂದು ಹೊಳೆಯಿತು. ಅವಳನ್ನು ಪೆಟ್ಟಿಗೆಯಲ್ಲಿ ತಂದ ದಿನ ಆ ಚೀಲವೂ ಬಂದಿತ್ತು. ಬೀರುವಿನ ಮೇಲೆ ಇಟ್ಟಿದ್ದೆ, ಒಂದು ವರ್ಷ ಕೆಳಗಿಳಿಸಿರಲಿಲ್ಲ.

ನಿನ್ನೆ ಇಳಿಸಿದೆ.

ಸ್ವೆಟರು ಇತ್ತು. ಅದರ ಕೆಳಗೆ ಅವಳ ಕೆಲಸದ ಉಡುಪು, ಎರಡು ಜೊತೆ. ಮೂವತ್ತು ವರ್ಷ ಬಟ್ಟೆ ನೋಡಿದವಳು ನಾನು. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ ತೊಟ್ಟವರು ಏನು ಕೆಲಸ ಮಾಡುತ್ತಾರೆ ಎಂದು ಹೇಳಬಲ್ಲೆ. ಕೋಣೆ ಒರೆಸುವವರ ಪ್ಯಾಂಟು ಮಂಡಿಯಲ್ಲಿ ಸವೆಯಬೇಕು. ಇದರ ಮಂಡಿ ಹೊಸದರ ಹಾಗಿದೆ. ಅಂಗಿಯ ಮುಂಭಾಗ, ಹೊಕ್ಕುಳಿಗಿಂತ ಒಂದು ಅಂಗುಲ ಮೇಲೆ, ಅಡ್ಡಕ್ಕೆ ಒಂದು ಪಟ್ಟಿ ಸವೆದು ನೂಲು ಕಾಣುತ್ತಿದೆ. ಎರಡರಲ್ಲೂ ಅದೇ ಜಾಗ. ಎಡ ತೋಳಿನ ಅಂಚಿನಲ್ಲಿ ಕಂದು ಬಣ್ಣದ ಸುಟ್ಟ ಗೆರೆಗಳು, ಎಣಿಸಿದೆ, ಹನ್ನೊಂದು.

ಇವತ್ತು ಅದನ್ನು ಅಂಗಡಿಗೆ ತಂದೆ. ಏನೂ ಹೇಳದೆ ಮಾಸ್ಟರ ಮುಂದೆ ಹಾಸಿದೆ.

"ಯಾರ್ದು?"

"ಯಾರದ್ದಾದರೂ ಆಗಲಿ. ಏನು ಕೆಲಸದವರು ಹೇಳಿ."

ಅವರು ಸವೆದ ಪಟ್ಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಶರ್ಟನ್ನು ಎಳೆದು ತೋರಿಸಿದರು. ಅದೇ ಜಾಗ, ಅದೇ ಪಟ್ಟಿ.

"ಇದು ಮೇಜಿಗೆ ಒರಗಿ ನಿಂತೋರ್ದು ಕಣಮ್ಮಾ. ಇಡೀ ದಿನ ನಿಂತು ಬಟ್ಟೆ ಮುಂದಕ್ಕೆ ತಳ್ಳೋರ್ದು. ತೋಳು ಸುಟ್ಟಿದೆ. ಇಸ್ತ್ರಿ ಕೆಲಸ." ಆಮೇಲೆ ಅವರಿಗೆ ಯಾರದ್ದೆಂದು ಹೊಳೆಯಿತು. ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು.

ಕೊಕ್ಕರೆ, 8142 ಯಾರು ಒರೆಸುತ್ತಿದ್ದ ಕೋಣೆ? ನನ್ನ ಮಗಳು ಎಲ್ಲಿ ನಿಂತು ಕೆಲಸ ಮಾಡುತ್ತಿದ್ದಳು? ನಿನಗೆ ಬೈಯುವುದಿಲ್ಲ. ಬೈಯುವ ಶಕ್ತಿಯೆಲ್ಲ ಹೋದ ವರ್ಷದ ಮೂರು ಸಾಲಿನಲ್ಲೇ ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ ಬರೆ.

ಕಂಪನಿಯ ಕಾಗದ ಇನ್ನೂ ಕಳಿಸಿಲ್ಲ.

ಬುಗುರಿಯ ಅಮ್ಮ

---

ಜೂನ್ 8

ಅಮ್ಮ,

8142 ನನ್ನದು. ಎಂಟನೇ ಅಂತಸ್ತಿನ ನಡುಭಾಗದ ಹದಿನಾರು ಕೋಣೆಗಳು ಮೊದಲಿಂದಲೂ ನನ್ನವೇ.

ಬುಗುರಿ ಲಾಂಡ್ರಿಯಲ್ಲಿದ್ದಳು. ಎರಡನೇ ಅಂತಸ್ತು, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಹಾಸಿಗೆ ಬಟ್ಟೆಗಳನ್ನು ಒಣಗಿಸಿ ಇಸ್ತ್ರಿ ಮಾಡುವ ಒಂದು ದೊಡ್ಡ ಉರುಳೆ ಯಂತ್ರ ಇದೆ, ಅದರ ಅಂಚಿಗೆ ಒರಗಿ ನಿಂತು ಒದ್ದೆ ಬಟ್ಟೆಯನ್ನು ಒಳಗೆ ಬಿಡಬೇಕು. ಎದುರಿಗೆ ಗೋಡೆ. ಆರು ವರ್ಷವೂ ಅವಳಿಗೆ ಅದೇ ಕೆಲಸ. ಎರಡು ಸಲ ಬೇರೆ ಕಡೆ ಕೇಳಿದಳು, ಇಬ್ಬರ ಕೆಲಸ ಒಬ್ಬಳೇ ಮಾಡುವವಳನ್ನು ಯಾರು ಬಿಡುತ್ತಾರೆ.

ನಿಮಗೆ ಹೇಳು ಎಂದು ನಾನು ಎಷ್ಟೋ ಸಲ ಹೇಳಿದೆ. "ನಮ್ಮಮ್ಮ ಮೂವತ್ತು ವರ್ಷದಿಂದ ಗೋಡೆ ನೋಡ್ಕೊಂಡು ಕಾಜಾ ಹಾಕ್ತಿದಾಳೆ ಕಣೇ. ಹೊರಡೋವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು, ಬಟ್ಟೆ ಕೆಲಸ ಮಾತ್ರ ಬೇಡ, ನನ್ನ ಹಾಗೆ ಗೋಡೆ ನೋಡ್ಕೊಂಡು ಬದುಕಬೇಡ ಅಂತ. ಈಗ ಹೋಗಿ ಏನಂತ ಬರೀಲಿ? ಸಮುದ್ರದ ಮೇಲೂ ಗೋಡೆ ಸಿಕ್ತು ಅಂತಾನಾ?" ಅಂದಳು. ಹೇಳಿ ನಕ್ಕಳು. ಅವಳು ನಗುವುದು ನಿಮಗೆ ಗೊತ್ತಲ್ಲ, ಎದುರಿನವರು ಏನೂ ಕೇಳದ ಹಾಗೆ ಮಾಡಲು.

ಸಿಬ್ಬಂದಿಗೆ ಹೊರಗೆ ನಿಲ್ಲಲು ಒಂದು ಸಣ್ಣ ಜಾಗವಿದೆ. ಅವಳ ಪಾಳಿ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಹಾಗಾಗಿ ರಾತ್ರಿ ನಾವು ಮಲಗುವ ಮೊದಲು ಮೇಲಿನ ಮಂಚದಿಂದ ತಲೆ ಕೆಳಗೆ ಇಳಿಬಿಟ್ಟು ಕೇಳುತ್ತಿದ್ದಳು, "ಕೊಕ್ಕರೆ, ಇವತ್ತು ಹೇಗಿತ್ತು?" ನಾನು ನೋಡಿದ್ದನ್ನು ಹೇಳುತ್ತಿದ್ದೆ. ನನಗೆ ಮಾತು ಬರುವುದಿಲ್ಲ ಅಮ್ಮ. "ಸುಮ್ನೆ ಇತ್ತು" ಅನ್ನುತ್ತಿದ್ದೆ, "ನೀಲಿ ಇತ್ತು" ಅನ್ನುತ್ತಿದ್ದೆ. ಅಷ್ಟೇ. ಇಸ್ತ್ರಿ ಮಾಡಿ ಹಾಸಿದ ಹಾಗೆ ಅನ್ನುವುದು, ನೀಲಿ ಜಾಸ್ತಿ ಹಾಕಿದ್ದಾರೆ ಅನ್ನುವುದು ಎಲ್ಲ ಅವಳದು. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳುತ್ತಿದ್ದಳು, "ಹೀಗೆ ಬರೀಲಾ?" ನಾನು ಹೂಂ ಅನ್ನುತ್ತಿದ್ದೆ. ನಿಮ್ಮ ಹಾಗೆಯೇ.

ಹೋದ ವರ್ಷದ ಮೇ ತಿಂಗಳ ಪ್ರಶ್ನೆಗೂ ಇವತ್ತೇ ಉತ್ತರ ಬರೆಯುತ್ತೇನೆ. ಬೆಳಿಗ್ಗೆ ಅವಳನ್ನು ದಡಕ್ಕೆ ಇಳಿಸಿದಾಗ ನನಗೆ ಜೊತೆಗೆ ಹೋಗಲು ಎರಡು ಗಂಟೆ ಬಿಟ್ಟರು. ಮಂಚದ ಪಕ್ಕ ಕೂತಿದ್ದೆ. ಮೈ ಸುಡುತ್ತಿತ್ತು, ಆದರೂ ಮಾತು ಬಿಟ್ಟಿರಲಿಲ್ಲ. "ಹೋಗೇ, ನಿನ್ನ ಹದಿನಾರು ಕೋಣೆಯೋರು ದಿಂಬು ಸರಿಯಿಲ್ಲ ಅಂತ ಅಳ್ತಿರ್ತಾರೆ. ಮುಂದಿನ ವಾರ ಹಡಗು ಇಲ್ಲಿಗೇ ಬರುತ್ತಲ್ಲ, ಆಗ ಕರ್ಕೊಂಡು ಹೋಗು" ಅಂದಳು. ನಾನೂ ಹಾಗೇ ಅಂದುಕೊಂಡೆ. ಒಂದು ವಾರ ಅಂತ.

ಸಂಜೆ ಐದಕ್ಕೆ ಹಡಗು ಬಿಟ್ಟಾಗ ನಾನು 8142ರಲ್ಲಿ ಟವೆಲು ಇಡುತ್ತಿದ್ದೆ. ಬಾಲ್ಕನಿಯಿಂದ ಆಸ್ಪತ್ರೆಯ ಹಳದಿ ಗೋಡೆ ಕಾಣುತ್ತಿತ್ತು. ಪ್ರಯಾಣಿಕರ ಕುರ್ಚಿಯಲ್ಲಿ ನಾವು ಕೂರುವ ಹಾಗಿಲ್ಲ. ಎಂಟು ವರ್ಷದಲ್ಲಿ ಆ ಒಂದು ದಿನ ಕೂತೆ. ಹಳದಿ ಬಣ್ಣ ಕಾಣುವಷ್ಟು ಹೊತ್ತು ಕೂತಿದ್ದೆ.

ಅದಕ್ಕೇ ನಿಮಗೆ ಆ ನಂಬರು ಕೊಟ್ಟೆ. ಸುಳ್ಳು ಅನ್ನಿಸಲಿಲ್ಲ.

ಕೊಕ್ಕರೆ

---

ಜುಲೈ 2

ಕೊಕ್ಕರೆ,

ಸಂಜೆ ಏಳೂವರೆ. ನಿನ್ನ ಪತ್ರ ಬಂದು ಎಂಟು ದಿನವಾಯಿತು. ದಿನಾ ಬರೆಯಲು ಕೂರುತ್ತೇನೆ, ದಿನಾ ಎದ್ದು ಏನಾದರೂ ಕೆಲಸ ಮಾಡುತ್ತೇನೆ. ಇವತ್ತು ಪಾತ್ರೆಗಳನ್ನೆಲ್ಲ ಎರಡನೇ ಸಲ ತೊಳೆದೆ.

ಗೋಡೆಯ ಮಾತು ನಾನೇ ಹೇಳಿದ್ದು. ಬಸ್ಸು ಹೊರಟಿತ್ತು, ಕಿಟಕಿಯಿಂದ ಕೈ ಹಿಡಿದುಕೊಂಡಿದ್ದೆ. ಒಳ್ಳೆಯ ಮಾತು ಅಂದುಕೊಂಡೇ ಹೇಳಿದ್ದೆ. ಅದನ್ನು ಆರು ವರ್ಷ ಹೊತ್ತುಕೊಂಡು ತಿರುಗುತ್ತಾಳೆ ಎಂದು ಗೊತ್ತಿದ್ದರೆ ಸುಮ್ಮನೆ ಹುಷಾರು ಅನ್ನುತ್ತಿದ್ದೆ.

ಪತ್ರಗಳನ್ನು ಮತ್ತೆ ತೆಗೆದು ಓದಿದೆ. ಈಗ ಬೇರೆ ಥರ ಓದಲು ಬರುತ್ತದೆ. ನೀರು ನೀನು ನೋಡಿದ್ದು, ಮಾತು ಅವಳದು. ಆರು ವರ್ಷ ನೀವಿಬ್ಬರೂ ಸೇರಿ ನನಗೆ ಬರೆದಿರಿ, ನಾನು ಒಬ್ಬಳಿಗೇ ಉತ್ತರ ಬರೆಯುತ್ತಿದ್ದೆ. ಅವಳ ಕೊನೆಯ ಪತ್ರಕ್ಕೆ ಅದೂ ಇಲ್ಲ. ಶಾಲೆ ತೆರೆಯುವ ಮುಂಚಿನ ದಿನಗಳು, ಅಂಗಡಿಯಲ್ಲಿ ಕೈತುಂಬ ಕೆಲಸ, ಭಾನುವಾರ ಬರೆದರಾಯಿತು ಎಂದು ಇಟ್ಟಿದ್ದೆ. ಆ ಭಾನುವಾರ ಬೇರೆ ಸುದ್ದಿ ಬಂತು.

ಇವತ್ತು ಕಂಪನಿಗೆ ಕಾಗದ ಕಳಿಸಿದೆ. 6318 ಬರೆದಿದ್ದೇನೆ.

ನೀನೇ ಫೆಬ್ರವರಿಯಲ್ಲಿ ಹೇಳಿದ್ದೆಯಲ್ಲ, ಲಾಂಡ್ರಿಯ ಕಿಂಡಿ ಅದರ ಅಡಿಗೇ ಇದೆ ಎಂದು. ನಕ್ಷೆಯ ಮೇಲೆ ಅಳತೆ ಪಟ್ಟಿ ಇಟ್ಟು ನೋಡಿದೆ, ಬಾಲ್ಕನಿ ಇರುವ ಕೋಣೆಗಳಲ್ಲಿ ಅವಳಿಗೆ ಹತ್ತಿರದ್ದು ಅದೇ. ಅಲ್ಲಿಂದ ಆ ಆಸ್ಪತ್ರೆಯ ಊರು ಕಾಣುವುದಿಲ್ಲ, ಬಲಗಡೆಯಾದ್ದರಿಂದ ಬರೀ ನೀರು ಕಾಣುತ್ತದೆ. ಕಾಣದಿದ್ದರೆ ಬೇಡ. ನನ್ನ ಬದಲು ನೀನು ನೋಡಿದ್ದೀಯ.

ಮೇ ತಿಂಗಳ ಪತ್ರವನ್ನು ದಿಂಬಿನ ಕೆಳಗಿಂದ ತೆಗೆದು ಬಿಸಾಡು.

ಬುಗುರಿಯ ಅಮ್ಮ

---

ಆಗಸ್ಟ್ 19

ಅಮ್ಮ,

ನೀವು ಹಟಮಾರಿ ಎಂದು ಅವಳು ಹೇಳಿದ್ದಳು, ನಾನು ನಂಬಿರಲಿಲ್ಲ.

ಆರನೇ ಅಂತಸ್ತು ನನ್ನದಲ್ಲ. ನಮ್ಮ ಮೇಲ್ವಿಚಾರಕರ ಹಿಂದೆ ಬಿದ್ದು ಆ ಒಂದು ವಾರಕ್ಕೆ ಬದಲಿ ಮಾಡಿಸಿಕೊಂಡಿದ್ದೇನೆ. "8142 ಬಿಟ್ಟು 6318 ಕೇಳೋ ಮೊದಲನೇ ಹುಡುಗಿ ನೀನೇ. ತಲೆ ನೆಟ್ಟಗಿದೆಯಾ?" ಅಂದರು. ನೆಟ್ಟಗಿದೆ ಅಂದೆ.

ಎಲ್ಲರ ಎದುರಿಗೆ ನಾನು ನಿಮ್ಮನ್ನು ಮೇಡಂ ಅನ್ನಬೇಕು. ನೀವು ತಪ್ಪು ತಿಳಿಯಬೇಡಿ.

ಪತ್ರ ಬಿಸಾಡಿಲ್ಲ. ಜಾಗ ಬದಲಿಸಿದ್ದೇನೆ.

ಕೊಕ್ಕರೆ

---

ಸೆಪ್ಟೆಂಬರ್ 23
6318

ಬುಗುರೀ,

ಸಂಜೆ ಏಳೂಕಾಲು. ಹಡಗು ಹತ್ತಿ ಇವತ್ತಿಗೆ ಮೂರನೇ ದಿನ. ನಿನ್ನ ಕೊನೆಯ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಒಂದೂವರೆ ವರ್ಷ ತಡವಾಯಿತು.

ನೀನು ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ನಿನ್ನ ಮಿಷನ್ ಇನ್ನೂ ಗೋಡೆ ಕಡೆಗೇ ಇದೆಯಾ? ಕಿಟಕಿ ಕಡೆ ತಿರುಗಿಸಿ ಕೊಡೋಕೆ ಮಾಸ್ಟರಿಗೆ ಹೇಳು." ಹೊರಡುವ ಹಿಂದಿನ ದಿನ ಹೇಳಿದೆ. "ಮೂವತ್ತು ವರ್ಷ ಬಾಯಿ ಬಿಡದೆ ಇವತ್ತು ಕೇಳ್ತಿದೀರಲ್ಲ" ಅಂದರು. "ನಾನು ಕೇಳ್ತಿಲ್ಲ, ಬುಗುರಿ ಕೇಳ್ತಿದಾಳೆ" ಅಂದೆ. ಅವರು ಅಲ್ಲೇ ಮಿಷನ್ ಎತ್ತಿ ತಿರುಗಿಸಿದರು. ಕಾಲು ಒಂದು ಕುಂಟುತ್ತಿತ್ತು, ರಟ್ಟು ಮಡಿಸಿ ಇಟ್ಟರು. ಈಗ ಕೂತರೆ ರಸ್ತೆ ಕಾಣುತ್ತದೆ, ಎದುರಿನ ಬೈಸಿಕಲ್ ಅಂಗಡಿ ಕಾಣುತ್ತದೆ. ಆವತ್ತೇ ಎರಡು ಕಾಜಾ ಸೊಟ್ಟಗಾದವು.

ಕೊಕ್ಕರೆ ಬಾಗಿಲಲ್ಲೇ ನಿಂತಿದ್ದಳು. ನೀನು ಹೇಳಿದ್ದಕ್ಕಿಂತ ಉದ್ದ. ಪಕ್ಕದಲ್ಲಿ ಮೇಲ್ವಿಚಾರಕರು. "ಏನಾದರೂ ಬೇಕಿದ್ದರೆ ಗಂಟೆ ಒತ್ತಿ, ಮೇಡಂ" ಅಂದಳು. "ಸರಿ" ಅಂದೆ. ಎಂಟು ತಿಂಗಳು ಕಾಗದದಲ್ಲಿ ಅಷ್ಟು ಮಾತಾಡಿದವರು ನಾವು, ಎದುರಿಗೆ ನಿಂತಾಗ ಇಷ್ಟೇ ಬಂತು.

ಇಲ್ಲಿ ಗಾಳಿ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ. ಕೆಳಗಿಂದ ಬೆಚ್ಚಗೆ ಬರುತ್ತದೆ, ಸೋಪು ಮತ್ತು ಕಾದ ಬಟ್ಟೆ. ನಿನ್ನ ಪತ್ರಗಳಿಗೆ ಇದೇ ವಾಸನೆ ಇತ್ತು. ಕೋಣೆಯಿಂದ ಕೋಣೆಗೆ ಒಗೆದ ಬಟ್ಟೆ ಹೊರುವವಳು, ಕೈಗೆ ಅಂಟಿರುತ್ತದೆ ಎಂದುಕೊಂಡಿದ್ದೆ. ಹನ್ನೆರಡೂವರೆಗೆ ಅರ್ಧ ಗಂಟೆ ನಿಲ್ಲುತ್ತದೆ. ಅದು ಅವರ ಊಟದ ಹೊತ್ತು ಇರಬೇಕು. ಮೂರು ದಿನವೂ ನಾನು ಆಗಲೇ ಉಂಡೆ. ಒಂದಕ್ಕೆ ಮತ್ತೆ ಬರುತ್ತದೆ. ಪಕ್ಕದ ಬಾಲ್ಕನಿಯ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ನಿಮಗೆ ತೊಂದರೆಯಾಗ್ತಿಲ್ವಾ?" ಎಂದು ಕೇಳಿದಳು. ಇಲ್ಲ ಅಂದೆ. ಅವಳಿಗೆ ಬೇರೆ ಕೋಣೆ ಕೊಟ್ಟರು. ಈಗ ಆ ಕಡೆ ಖಾಲಿ.

ಇವತ್ತು ಆ ಆಸ್ಪತ್ರೆಯ ಊರಿನಲ್ಲಿ ಹಡಗು ನಿಂತಿತ್ತು. ನಾನು ಇಳಿಯಲಿಲ್ಲ. ಐದಕ್ಕೆ ಬಿಟ್ಟಾಗ ಇಲ್ಲೇ ಕೂತಿದ್ದೆ, ಊರಿಗೆ ಬೆನ್ನು ಹಾಕಿ. ಬಾಗಿಲು ತಟ್ಟಿ ಕೊಕ್ಕರೆ ಬಂದಳು. ಕೈಯಲ್ಲಿ ಟವೆಲುಗಳಿದ್ದವು. ನಾನು ಟವೆಲು ಕೇಳಿರಲಿಲ್ಲ.

"ಕೂತ್ಕೋ."

"ಕೂರೋ ಹಾಗಿಲ್ಲ ಅಮ್ಮ."

"ಬಾಗಿಲು ಹಾಕಿದೀಯಲ್ಲ. ಹತ್ತು ನಿಮಿಷ ಕೂತ್ರೆ ಹಡಗೇನು ಮುಳುಗಲ್ಲ."

ಟವೆಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡನೇ ಕುರ್ಚಿಯ ತುದಿಯಲ್ಲಿ ಕೂತಳು. ಇಬ್ಬರೂ ನೀರು ನೋಡಿದೆವು. ಗಾಳಿ ಬರುತ್ತಲೇ ಇತ್ತು. ನೀರು ಕಣ್ಣೆದುರಿಗೇ ಇದ್ದರೂ ನಾನು ಕೇಳಿದೆ.

"ಕೊಕ್ಕರೆ, ಇವತ್ತು ಹೇಗಿದೆ?"

ಅವಳು ನನ್ನ ಕಡೆ ನೋಡಲಿಲ್ಲ. ನೀರಿನ ಕಡೆಗೇ ನೋಡುತ್ತಾ ಹೇಳಿದಳು.

"ಸುಮ್ನೆ ಇದೆ."

ಮುಂದಿನ ಮಾತು ನಿನ್ನದಾಗಿತ್ತು. ನಾನು ಕಾದೆ, ಅವಳೂ ಕಾದಳು. ಅವಳ ಹತ್ತು ನಿಮಿಷ ಮುಗಿಯಿತು, ಎದ್ದು ಕುರ್ಚಿಯನ್ನು ಇದ್ದ ಹಾಗೆಯೇ ಸರಿಸಿಟ್ಟು, ಒಂದು ಟವೆಲಿನಿಂದ ಮುಖ ಒರೆಸಿಕೊಂಡು, ಆ ಟವೆಲನ್ನು ತಾನೇ ತೆಗೆದುಕೊಂಡು ಹೋದಳು. ಉಳಿದವನ್ನು ಇಲ್ಲಿ ಬಿಟ್ಟಿದ್ದಾಳೆ.

ಈಗ ಗಾಳಿ ನಿಂತಿದೆ. ಪಾಳಿ ಮುಗಿದಿರಬೇಕು. ನಿನ್ನ ಸ್ವೆಟರು ಹಾಕಿಕೊಂಡಿದ್ದೇನೆ, ತೋಳು ಸ್ವಲ್ಪ ಗಿಡ್ಡ.

ನನ್ನ ದಿಂಬಿನ ಚೀಲದ ಒಂದು ಗುಂಡಿ ಸಡಿಲವಾಗಿತ್ತು, ಗಟ್ಟಿ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಾಸಿಗೆ ಬಟ್ಟೆಗಳನ್ನು ಬದಲಿಸಿ ಕೆಳಗೆ ನಿನ್ನ ಲಾಂಡ್ರಿಗೆ ಒಗೆಯಲು ಕಳಿಸುತ್ತಾರೆ.

ಅಮ್ಮ